ಎಲ್ಲ ಸ್ಟಾಪಿಗೂ ನಿಂತ ಸಾರಂಗ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಬ್ಯಾಡಗಿ, ಗುರುಬಸಪ್ಪನ ಮೆಣಸಿನಕಾಯಿ ಅಂಗಡಿಯ ಮೇಲಿನ ಅಟ್ಟ. ಹಾಜರಿದ್ದವರು: ಅಂಗಡಿಯ ಮಾಲೀಕ ಗುರುಬಸಪ್ಪ, ಅವನ ಹೆಂಡತಿ ಸುಮನಾ, ರಾಣೆಬೆನ್ನೂರಿನಿಂದ ಬಂದಿದ್ದ ಜುಬೇದಾ, ಹಾವೇರಿಯಿಂದ ಹೋಗಿದ್ದ ನಾನು. ಬರಬೇಕಾಗಿದ್ದ ಇನ್ನೊಬ್ಬರು ತೀರಿಕೊಂಡು ನಲವತ್ತು ದಿನಗಳಾಗಿದ್ದವು. ನಲವತ್ತನೆಯ ದಿನದ ಪ್ರಾರ್ಥನೆ, ಊಟ ಎಲ್ಲ ಮುಗಿಸಿ, ಅವರ ಮಗಳು ಜುಬೇದಾ ತಂದೆಯ ಸಾಮಾನು ಏನಾದರೂ ಅಟ್ಟದಲ್ಲಿ ಉಳಿದಿದ್ದರೆ ಒಯ್ಯಲು ಬಂದಿದ್ದಳು.

ಸಾಮಾನು ಹೆಚ್ಚೇನೂ ಇರಲಿಲ್ಲ. ಗೂಟಕ್ಕೆ ಒಂದು ಕರಿ ಟೋಪಿ, ಗೂಡಿನಲ್ಲಿ ಒಂದು ಚಹಾದ ಬಸಿ, ಅಂದರೆ ಸಾಸರು. ಅದರ ಮೇಲಿನ ಕಪ್ಪು ಒಡೆದು ಬಹಳ ಕಾಲವಾಗಿತ್ತು. ಬಸಿಯಲ್ಲಿ ಅವರು ಕ್ಲಾರಿಯೊನೆಟ್ಟಿನ ರೀಡು ನೆನೆಯಿಡುತ್ತಿದ್ದರು. ರೀಡು ಎಂದರೆ ಊದುವ ಬಾಯಿಗೆ ಕಟ್ಟುವ ತೆಳ್ಳನೆಯ ಬೆತ್ತದ ಪಟ್ಟಿ. ಅದು ಹಸಿಯಾಗಿರದಿದ್ದರೆ ವಾದ್ಯ ನುಡಿಯುವುದಿಲ್ಲ. ನೆನೆದ ರೀಡನ್ನು ದವಡೆಯ ಸಂದಿಗೆ ಇಟ್ಟುಕೊಂಡೇ ಅವರು ಮಾತಾಡುತ್ತಿದ್ದರು, ನಗುತ್ತಿದ್ದರು, ಒಮ್ಮೊಮ್ಮೆ ಜಗಳವನ್ನೂ ಆಡುತ್ತಿದ್ದರು. ಒಂದು ಸಲವೂ ನುಂಗಲಿಲ್ಲ.

ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಅವರು ಕಂಟ್ರೋಲರ್ ಆಗಿದ್ದರು. ಬಸ್ಸು ಬರುವ ಹೋಗುವ ಹೊತ್ತನ್ನು ಮೈಕಿನಲ್ಲಿ ಹೇಳುವವರು ಅವರೇ. ಊರಿಗೆಲ್ಲ ಕಂಟ್ರೋಲರ್ ಸಾಹೇಬರು. ನಾನು ಆ ಊರಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ; ಹಾವೇರಿಯಿಂದ ದಿನಾ ಓಡಾಟ. ಸಂಜೆ ಬಸ್ಸು ತಡವಾದರೆ ಕಟ್ಟೆಯ ಮೇಲೆ ಕುಳಿತು ಊಟದ ಡಬ್ಬಿಯ ಮೇಲೆ ಬೆರಳಾಡಿಸುತ್ತಿದ್ದೆ. ಊರಲ್ಲಿ ಭಜನೆಗೆ ತಬಲಾ ಬಾರಿಸುವ ಚಟ ನನಗೆ. ಒಂದು ದಿನ ಮೈಕಿನಲ್ಲಿ ಕೇಳಿಸಿತು.

"ಹಾವೇರಿ ಬಸ್ ಹತ್ತು ಮಿನಿಟು ಲೇಟ್ ಐತಿ. ನಾಕನೇ ಕಂಬದ ಕಡೆ ಡಬ್ಬಿ ಬಾರಸಾಕತ್ತಿದ ಮಾಸ್ತರು ಅಲ್ಲೀತನಕಾ ಕಂಟ್ರೋಲ್ ರೂಮಿಗೆ ಬಂದು ಚಹಾ ಕುಡೀಬೇಕು."

ಹೋದೆ. ಅವರು ಮೇಲಿನಿಂದ ಕೆಳಗೆ ನನ್ನನ್ನು ನೋಡಿ, "ಕೈ ಚಲೋ ಅದಾವು ಮಾಸ್ತರ. ಆದ್ರ ತಾಳ ಹಾಕಾಕತ್ತೀರೋ, ಡ್ರಿಲ್ ಮಾಡಸಾಕತ್ತೀರೋ ತಿಳೀವಲ್ದು" ಎಂದರು. ಅವತ್ತಿನಿಂದ ಮೊದಲಾದ ಸ್ನೇಹ. ಡ್ರಿಲ್ ಎಂಬ ಆರೋಪ ಕೊನೆಯವರೆಗೂ ಹೋಗಲಿಲ್ಲ.

ಅವರ ಉಸಿರಿನ ಬಗ್ಗೆ ಹೇಳಲೇಬೇಕು. ಹಳ್ಳಿಗಳ ಹೆಸರುಗಳನ್ನೆಲ್ಲ, ಎಷ್ಟೇ ಇರಲಿ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು. ಹಲಗೇರಿ, ಕುಪ್ಪೇಲೂರು ಎಂದು ಅವರು ಎಳೆದು ಕೂಗಿದರೆ ಎಲ್ಲಿಗೂ ಹೋಗುವುದಿಲ್ಲದವರೂ ಎದ್ದು ನಿಲ್ಲುತ್ತಿದ್ದರು. ಕಾಲೇಜಿನ ಹುಡುಗರು ಅವರ ಉಸಿರು ಎಲ್ಲಿ ಕಡಿಯುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರು. ಕಡಿದದ್ದನ್ನು ಯಾರೂ ಕೇಳಲಿಲ್ಲ.

ಮೈಕು ಅವರ ಕೈಯಲ್ಲಿ ಬೆತ್ತವೂ ಆಗಿತ್ತು. ನಮ್ಮ ಕಡೆ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿಯುವ ಪದ್ಧತಿ ಇದೆಯಲ್ಲ. ಒಮ್ಮೆ ಹಾಗೆ ಟವೆಲ್ಲು ಹಾಕಿದವನೊಬ್ಬ ಹೊರಗೆ ಚಹಾ ಕುಡಿಯುತ್ತ ನಿಂತಿದ್ದ. ಒಳಗೆ ಕೂಸು ಹೊತ್ತ ಹೆಣ್ಣುಮಗಳೊಬ್ಬಳು ನಿಂತೇ ಇದ್ದಳು. ಸಾಹೇಬರು ಕೋಣೆಯಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಹಲಗೇರಿ ಬಸ್ಸಿನ ಬಲಗಡೆ ಮೂರನೇ ಸೀಟಿನ್ಯಾಗ ಒಂದು ಟವೆಲ್ ಒಂಟಿಯಾಗಿ ಊರಿಗೆ ಹೊಂಟೈತಿ. ಅದರ ಮಾಲಕರು ಲಗೂ ಬಂದು ಅದಕ ಟಿಕೀಟು ತಗಸ್ರಿ, ಇಲ್ಲಾಂದ್ರ ಹೆಗಲ ಮ್ಯಾಲೆ ಕರ್ಕೊಂಡು ಹೋಗ್ರಿ."

ನಿಲ್ದಾಣವೆಲ್ಲ ನಕ್ಕಿತು. ಟವೆಲ್ಲಿನವನೂ ನಕ್ಕು ಸೀಟು ಬಿಟ್ಟುಕೊಟ್ಟ. ಇದನ್ನು ನಾನು ನನ್ನ ಶಾಲೆಯಲ್ಲಿ ಪ್ರಯೋಗಿಸಿ ನೋಡಿದ್ದೇನೆ. ನನ್ನ ಬಾಯಲ್ಲಿ ಅದು ಬೈಗುಳವಾಗಿಯೇ ಬಂತು.

ಚಿಕ್ಕವರಿದ್ದಾಗ ಅವರು ಸೋದರಮಾವನ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿಯೊನೆಟ್ ಕಲಿತವರು. ಮದುವೆ ಮೆರವಣಿಗೆಗಳಲ್ಲಿ ಬಿಸಿಲಿನಲ್ಲಿ ನಡೆದು ಊದಿದವರು. ನೌಕರಿ ಸಿಕ್ಕ ಮೇಲೆ ಬ್ಯಾಂಡು ಬಿಟ್ಟರು, ವಾದ್ಯ ಬಿಡಲಿಲ್ಲ. "ಮದವ್ಯಾಗ ಯಾರೂ ಕೇಳೂದಿಲ್ಲ ಮಾಸ್ತರ. ಎಲ್ಲಾರೂ ಅಡಗಿ ವಾಸನಿ ಹಿಡದು ನಿಂತಿರತಾರ. ನಾವೂ ಹಿಡದು ನಿಂತಿರತಿದ್ದಿವಿ, ಸುಳ್ಳ ಯಾಕ ಹೇಳಲಿ" ಎನ್ನುತ್ತಿದ್ದರು.

ಪ್ರತಿ ಗುರುವಾರ ಸಂಜೆ ಆರರಿಂದ ಎಂಟರವರೆಗೆ ನಾವು ಮೂವರು ಬ್ಯಾಡಗಿಯ ಈ ಅಟ್ಟದಲ್ಲಿ ಸೇರುತ್ತಿದ್ದೆವು. ಹಾರ್ಮೋನಿಯಂ ಗುರುಬಸಪ್ಪನದು. ನಮ್ಮಿಬ್ಬರಿಗಿಂತ ಚಿಕ್ಕವನು, ಕೆಳಗಿನ ಮೆಣಸಿನಕಾಯಿ ದಲಾಲಿ ಅಂಗಡಿ ಅವನ ತಂದೆಯ ಕಾಲದ್ದು. ಅಟ್ಟದಲ್ಲಿ ಒಂದು ಕಡೆ ಚೀಲಗಳು, ಇನ್ನೊಂದು ಕಡೆ ನಾವು. ನಡುವೆ ಕೆಂಪು ನೀಲಿ ಪಟ್ಟೆಯ ಒಂದು ಜಮಖಾನೆ. ಸಾಹೇಬರು ಅದನ್ನು ಬಿಟ್ಟು ಬೇರೆ ಯಾವುದರ ಮೇಲೂ ಕುಳಿತು ಊದುತ್ತಿರಲಿಲ್ಲ. "ಕುರ್ಚಿ ಮ್ಯಾಲೆ ಕುಂತು ಬಸ್ ಹೇಳಬೇಕು, ಜಮಖಾನಿ ಮ್ಯಾಲೆ ಕುಂತು ಊದಬೇಕು" ಎಂಬುದು ಅವರ ನಿಯಮ. ಗಳಗನಾಥಕ್ಕೆ ಒಮ್ಮೆ ಭಜನೆಗೆ ಹೋದಾಗಲೂ ಜಮಖಾನೆ ಹೆಗಲ ಮೇಲೆಯೇ ಬಂದಿತ್ತು. ವರದೆ ತುಂಗಭದ್ರೆಯನ್ನು ಸೇರುವಲ್ಲಿ ಅದನ್ನು ಹಾಸಿ ಅವರು ಒಂದು ಸ್ವರ ಹಿಡಿದರು. ನದಿಗೆ ಇಳಿದ ಎಮ್ಮೆ ಮಿಂದು ದಂಡೆ ಹತ್ತಿದರೂ ಅವರು ಆ ಸ್ವರ ಬಿಟ್ಟಿರಲಿಲ್ಲ.

ಅಟ್ಟ ಹತ್ತಿದ ಹೊಸಬರು ಕಣ್ಣು ಮೂಗು ಒರೆಸಿಕೊಳ್ಳುತ್ತ ಇಳಿದುಬಿಡುತ್ತಿದ್ದರು. ನಮಗೆ ಆ ಘಾಟು ಗೊತ್ತೇ ಆಗುತ್ತಿರಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಗುರುಬಸಪ್ಪನಿಗೆ ಇಪ್ಪತ್ತೈದರ ಸುಮಾರಿಗೆ ಒಂದು ಸಂಬಂಧ ಗೊತ್ತಾಗಿ, ಬಟ್ಟೆಬರೆ ತಂದಾದ ಮೇಲೆ ಹೆಣ್ಣಿನ ಕಡೆಯವರು ಒಲ್ಲೆ ಎಂದರು. ಕಾರಣ ಹೇಳಲಿಲ್ಲ. ಊರಿನವರು ತಾವೇ ಹತ್ತು ಕಾರಣ ಕಟ್ಟಿದರು. ಆ ಗುರುವಾರ ಅವನು ಹಾರ್ಮೋನಿಯಮ್ಮಿಗೆ ಬಟ್ಟೆ ಸುತ್ತಿ ಇಟ್ಟು, ಮಾರಿಬಿಡುತ್ತೇನೆ ಎಂದ. ಸಾಹೇಬರು ದವಡೆಯಿಂದ ರೀಡು ತೆಗೆದು ಬಸಿಯಲ್ಲಿಟ್ಟರು. ಅದನ್ನು ತೆಗೆದರೆ ಮಾತು ಗಂಭೀರದ್ದು ಎಂದು ಅರ್ಥ.

"ಬಸ್ಯಾ, ಕೇಳಿಲ್ಲೆ. ನಿನ್ನ ಮದವ್ಯಾಗ ಊದಾಂವ ನಾನು. ಅದು ಆಗೂಮಟಾ ಇನ್ಯಾರ ಮದವ್ಯಾಗೂ ಊದಂಗಿಲ್ಲ. ಅರಬಿ ಬಿಚ್ಚಿ ಪೆಟ್ಟಿಗಿ ಹಿಡಿ."

"ಆಗಲೇ ಇಲ್ಲಂದ್ರ?"

"ಬಸ್ ಲೇಟ್ ಆಗತಾವು. ಬರೂದಿಲ್ಲಂತ ನಾ ಎಂದರ ಮೈಕಿನ್ಯಾಗ ಹೇಳೇನೇನ?"

ಗುರುಬಸಪ್ಪ ಹಾರ್ಮೋನಿಯಮ್ಮಿನ ಬಟ್ಟೆ ಬಿಚ್ಚಿದ. ಹೆಣ್ಣು ನೋಡುವುದನ್ನು ಮಾತ್ರ ಬಿಟ್ಟೇಬಿಟ್ಟ. ವರ್ಷಗಳು ಹೋದವು. ಸಾಹೇಬರು ಉರುಸಿನಲ್ಲಿ ಊದಿದರು, ನಮ್ಮ ಶಾಲೆಯ ಗಣರಾಜ್ಯೋತ್ಸವಕ್ಕೆ ಊದಿದರು, ಡ್ರೈವರು ಕಂಡಕ್ಟರುಗಳ ನಿವೃತ್ತಿಗೆ ಊದಿದರು. ಮದುವೆಗೆ ಕರೆಯಲು ಬಂದವರಿಗೆ ಮಾತ್ರ ಚಹಾ ಕುಡಿಸಿ ಕೈಮುಗಿದು ಕಳಿಸುತ್ತಿದ್ದರು.

ಆಮೇಲೆ ಜುಬೇದಾಳ ನಿಕಾಹ್ ಬಂತು. ಒಬ್ಬಳೇ ಮಗಳು. "ಅಬ್ಬಾ, ನನಗರ ಊದು" ಎಂದು ಅವಳೇ ಕೇಳಿದಳು. ಅವರು ಇಲ್ಲವೆಂದು ತಲೆಯಾಡಿಸಿದರು. ವಿಷಯ ಗೊತ್ತಾಗಿ ಗುರುಬಸಪ್ಪ ರಾಣೆಬೆನ್ನೂರಿಗೆ ಓಡಿ ಬಂದ. "ಸಾಹೇಬ್ರ, ನಿಮ್ಮ ಮಾತು ನಿಮಗ ವಾಪಸ್ ಕೊಟ್ಟೇನಿ. ಕೂಸಿನ ಮದವಿ ಐತಿ, ಊದ್ರಿ."

"ಒಬ್ಬರಿಗೆ ಸಡ್ಲ ಬಿಟ್ಟ ಮಾತು ನಾಳೆ ನಿನಗ ಹೆಂಗ ಬಿಗಿ ಆದೀತೋ?" ಎಂದರು ಅವರು. ಪಂಗತಿಯಲ್ಲಿ ಎಲ್ಲರಿಗೂ ತಾವೇ ಬಡಿಸಿದರು, ಎಲ್ಲರನ್ನೂ ನಗಿಸಿದರು. ಮಗಳನ್ನು ಕಳಿಸಿಕೊಡುವಾಗ ಅವಳು ತಂದೆಯ ಮುಖ ನೋಡದೆ ಕಾರು ಹತ್ತಿದಳು. ನನಗೆ ಅವತ್ತು ಅವರ ಮೇಲೆ ಸಿಟ್ಟು ಬಂದಿತ್ತು. ಅವರಲ್ಲಿ ನಾನು ಮೆಚ್ಚದ ಸಂಗತಿಗಳು ಬಹಳವಿಲ್ಲ; ಇದು ಅದರಲ್ಲಿ ಒಂದು. ಮಾತು ಉಳಿಸಿಕೊಳ್ಳುವುದಕ್ಕೆ ಮಗಳಿಂದ ಬೆಲೆ ಕೊಡಿಸುವುದು ಸರಿ ಎಂದು ಇಂದಿಗೂ ಹೇಳಲಾರೆ. ತಂದೆ ಮಗಳ ನಡುವೆ ಮಾತು ನಿಲ್ಲಲಿಲ್ಲ. ಆದರೆ ಅವಳು ತವರಿಗೆ ಬಂದ ದಿನ ಕ್ಲಾರಿಯೊನೆಟ್ಟಿನ ಪೆಟ್ಟಿಗೆ ಕಪಾಟಿನೊಳಗೇ ಇರುತ್ತಿತ್ತು.

ಗುರುಬಸಪ್ಪನ ಬಸ್ಸು ಕೊನೆಗೂ ಬಂದಾಗ ಅವನಿಗೆ ಐವತ್ತು ದಾಟಿತ್ತು. ಸುಮನಾ ಅವರು ಬ್ಯಾಡಗಿಯ ಒಂದು ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಅಧಿಕಾರಿ, ಕುಮಟೆಯ ಕಡೆಯವರು, ಅವರೂ ಮದುವೆ ಬೇಡವೆಂದು ಇದ್ದವರು. ಅವರ ತಾಯಿಗೆ ಘಟ್ಟ ಹತ್ತಿ ಬರಲು ಆಗುವುದಿಲ್ಲ. ಅವರ ಅಣ್ಣನ ಮಗ ಸಮುದ್ರದ ದಂಡೆಯ ಮೇಲೆ ಹೊರಗಿನವರ ಮದುವೆಗಳನ್ನು ಮಾಡಿಸಿಕೊಡುವ ಉದ್ಯೋಗದಲ್ಲಿದ್ದ. ಅತ್ತೆಯ ಮದುವೆಯನ್ನು ತಾನೇ ಹಾಗೆ ಮಾಡಿಕೊಡುತ್ತೇನೆ ಎಂದು ಹಟ ಹಿಡಿದ.

ಆ ಹೊತ್ತಿಗೆ ಸಾಹೇಬರಿಗೆ ದಮ್ಮು ಹತ್ತಿ ವರ್ಷವಾಗಿತ್ತು. ಅಟ್ಟದ ನಿಚ್ಚಣಿಕೆ ಹತ್ತುವುದನ್ನು ಬಿಟ್ಟಿದ್ದರು. ಊದಬಾರದು ಎಂದು ಡಾಕ್ಟರು ಹೇಳಿದ್ದರು. ಕಿಸೆಯಲ್ಲಿ ಉಸಿರಿಗೆ ಎಳೆದುಕೊಳ್ಳುವ ಪಂಪು ಇರುತ್ತಿತ್ತು. ನಾವಿಬ್ಬರೂ ಅವರ ಮನೆಗೆ ಸುದ್ದಿ ಹೇಳಲು ಹೋದಾಗ ಗುರುಬಸಪ್ಪ ಬಾಗಿಲಲ್ಲೇ ಶುರು ಮಾಡಿದ.

"ಸಾಹೇಬ್ರ, ಮದವಿ ಗೊತ್ತಾಗೇತಿ. ಸಮುದ್ರದ ದಂಡಿ ಮ್ಯಾಲಂತ. ನೀವು ಬರೇ ಬಂದು ಕುಂದ್ರಿ, ಮತ್ತೇನೂ..."

"ದಂಡೀತನಕಾ ಬಸ್ ಹೋಗತಾವಿಲ್ಲೋ?" ಎಂದರು ಅವರು. ಹೇಳುತ್ತಲೇ ಮನೆಯ ಇನ್ನೊಂದು ಬಸಿಗೆ ರೀಡು ನೆನೆಯಲು ನೀರು ಹಾಕಿದರು.

ಊದುವುದು ಸಾರಂಗ ರಾಗದ ಒಂದೇ ಒಂದು ಧುನ್ ಎಂದು ಗೊತ್ತಾಯಿತು. ತಾಳಿ ಕಟ್ಟುವ ಹೊತ್ತಿಗೆ. ಹಿಂದೆ ಅದನ್ನು ಅವರು ಎತ್ತಿದರೆ ಮೊದಲ ಸಾಲು ಮುಗಿಯುವವರೆಗೆ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಕುಳಿತು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ನಾನು ವಾರಕ್ಕೊಮ್ಮೆ ತಬಲಾ ಒಯ್ಯುತ್ತಿದ್ದೆ. ಉಸಿರು ಸಾಲಿನ ನಡುವೆಯೇ ಮುಗಿಯುತ್ತಿತ್ತು. ಅವರು ಮತ್ತೆ ಮೊದಲಿನಿಂದ ಎತ್ತುತ್ತಿದ್ದರು. ಒಂದು ದಿನ ಹೊರಡುವಾಗ ಹೇಳಿದರು. "ಇದೊಂದು ಮುಗದ್ರ ಸಾಕು ಮಾಸ್ತರ. ಇದ ಆಗಲಿಲ್ಲಂದ್ರ, ನನ್ನ ಮಗಳಿಗೆ ನಾ ಸುಮ್ಮಸುಮ್ಮನ ಇಲ್ಲಂದಂಗಾತು."

ಹಾನಗಲ್ಲು, ಶಿರಸಿ ದಾಟಿ ಘಟ್ಟ ಇಳಿದು ಹೋದೆವು. ಜನ ಒಂದು ಬಸ್ಸಿನಲ್ಲಿ. ಅಂಗಡಿಯ ಟೆಂಪೋದಲ್ಲಿ ಸಾಮಾನು, ವಾದ್ಯ, ಜಮಖಾನೆ. ಜುಬೇದಾಳೂ ಬಂದಿದ್ದಳು. ಸಂಗೀತ ಕೇಳಲು ಬಂದಿಲ್ಲ, ಪಂಪು ಹಿಡಿದುಕೊಳ್ಳಲು ಬಂದಿದ್ದೇನೆ ಎಂದು ನನಗೆ ಮೊದಲೇ ತಿಳಿಸಿದಳು.

ಮದುವೆ ಬೆಳಿಗ್ಗೆ ಹನ್ನೊಂದಕ್ಕೆ. ಆ ಅಣ್ಣನ ಮಗ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಯಾವ ಹೊತ್ತಿಗೆ ಏನು ಎಂಬುದನ್ನು ಚೊಕ್ಕವಾಗಿ ಹೊಂದಿಸಿದ್ದ. ನನಗೆ ಹುಡುಗ ಹಿಡಿಸಿದ. ಮಂಟಪ ಸಮುದ್ರಕ್ಕೆ ಹತ್ತಿರ, ಅದರ ಈಚೆ, ನೆಲದ ಕಡೆ, ಕುರ್ಚಿಗಳ ಸಾಲು. ಕುಳಿತವರಿಗೆ ಮಂಟಪದ ಹಿಂದೆ ನೀರು ಕಾಣಬೇಕೆಂದು ಹಾಗೆ. ನಮಗೆ ಬಿಳಿ ಬಟ್ಟೆ ಹೊದಿಸಿದ ಎತ್ತರದ ಕುರ್ಚಿಗಳನ್ನು ಇಟ್ಟಿದ್ದ. ಸಾಹೇಬರು ಅವುಗಳನ್ನು ನೋಡಿ, "ಬಸ್ ಎಲ್ಲಿ ಐತಪಾ, ಹೇಳಾಕ?" ಎಂದರು. ಕುರ್ಚಿ ಹೋದವು. ಮಂಟಪದ ಮಗ್ಗುಲಲ್ಲಿ, ನೀರಿನ ಕಡೆಗೆ ಬೆನ್ನು ಮಾಡಿ ಕೂರುವಂತೆ ನಮ್ಮ ಜಮಖಾನೆ ಬಂತು.

ಮೂವತ್ತು ವರ್ಷ ಮೆಣಸಿನಕಾಯಿ ಚೀಲಗಳ ಮಗ್ಗುಲಲ್ಲಿ ಇದ್ದ ಜಮಖಾನೆ ಅದು. ಬ್ಯಾಡಗಿಯ ಒಬ್ಬನಿಗೂ ಇದು ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ನಮ್ಮ ಊಟ, ಬಟ್ಟೆ, ಉಸಿರು ಎಲ್ಲ ಮೆಣಸಿನಕಾಯಿ ಧೂಳಿನಲ್ಲೇ ನಡೆಯುತ್ತದೆ. ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟೆವು. ಅಯ್ಯನವರು ಮಂತ್ರ ಮೊದಲು ಮಾಡಿದರು. ಸಾಹೇಬರು ಟೋಪಿ ಸರಿಮಾಡಿಕೊಂಡು ಕುಳಿತರು. ಅಷ್ಟರಲ್ಲಿ ಕಡಲಿನಿಂದ ಗಾಳಿ ಎದ್ದಿತು. ಜಮಖಾನೆಯ ಎರಡು ಮೂಲೆಗಳು ಕಲ್ಲನ್ನು ಉರುಳಿಸಿ, ಮೇಲೆದ್ದು, ಪಟಪಟನೆ ಬಡಿದುಕೊಂಡವು.

ಮೊದಲು ಸೀನಿದವರು ಮದುಮಗಳ ತಾಯಿ. ಆಮೇಲೆ ಮುಂದಿನ ಸಾಲು ಇಡಿಯಾಗಿ. ಹಿಂದಿನ ಸಾಲಿಗೆ ಹೋಗಲು ಘಾಟಿಗೆ ಹೊತ್ತು ಬೇಕಾಗಲಿಲ್ಲ. ಪಂಚೆ ಸೆರಗುಗಳೆಲ್ಲ ಮೂಗಿಗೆ ಹೋದವು. ಫೋಟೋದವನು ಕ್ಯಾಮೆರಾ ಬಿಟ್ಟು ಕಣ್ಣು ತಿಕ್ಕಿಕೊಂಡ. ಬ್ಯಾಡಗಿಯ ಕಡೆಯವರು ಮಾತ್ರ ಇವರಿಗೆಲ್ಲ ಏನಾಯಿತು ಎಂದು ತಿರುತಿರುಗಿ ನೋಡುತ್ತ ಕುಳಿತಿದ್ದರು. ಗುರುಬಸಪ್ಪ ಬಾಸಿಂಗ ಕಟ್ಟಿಕೊಂಡಿದ್ದವನು ಎದ್ದು ನಿಂತು ಕೈಮುಗಿದ.

"ಹೆದರಬ್ಯಾಡ್ರಿ, ನಮ್ಮದು ಬಣ್ಣದ ಕಾಯಿರಿ. ಖಾರ ಭಾಳ ಇರೂದಿಲ್ಲ."

"ಮಾರಾಯ್ರೇ, ಇದನ್ನ ನೀವು ನಂಗೆ ಮೊದಲೇ ಹೇಳ್ಬೇಕಿತ್ತು" ಎಂದು ಸುಮನಾ ಸೀನುತ್ತಲೇ ನಕ್ಕರು.

ನಗು ಅಲ್ಲಿಗೇ ನಿಂತಿತು. ಸಾಹೇಬರು ಕೆಮ್ಮುತ್ತಿದ್ದರು. ವರ್ಷದಿಂದ ಅಟ್ಟ ಹತ್ತದ ಅವರ ಎದೆ ಆ ಘಾಟನ್ನು ಮರೆತಿತ್ತು. ಕೆಮ್ಮು ಬಿಡಲಿಲ್ಲ. ಜುಬೇದಾ ಅವರನ್ನು ಎತ್ತಿ ಪಕ್ಕಕ್ಕೆ ಕರೆದೊಯ್ದು ಪಂಪು ಕೊಟ್ಟಳು. ಅಣ್ಣನ ಮಗ ನನ್ನ ಕಿವಿಯ ಬಳಿ ಬಂದು, "ಅಂಕಲ್, ಶಹನಾಯಿ ರೆಕಾರ್ಡಿಂಗ್ ರೆಡಿ ಇದೆ. ಅವ್ರು ಸುಸ್ತಾಗಿದ್ದಾರೆ. ಹಾಕ್ಲಾ?" ಎಂದ. ತಪ್ಪು ಮಾತೇನಲ್ಲ. ನಾನು ಸಾಹೇಬರ ಕಡೆ ನೋಡಿದೆ.

ಗುರುಬಸಪ್ಪ ಮಂಟಪ ಇಳಿದು ಅವರ ಮುಂದೆ ಮೊಣಕಾಲೂರಿ ಕುಳಿತಿದ್ದ. "ನೀವು ಇಲ್ಲೀತನಕಾ ಬಂದ್ರಲ್ಲ, ಅಷ್ಟ ಸಾಕು. ಮಾತು ಮುಟ್ಟಿತು ಸಾಹೇಬ್ರ."

"ಅಬ್ಬಾ, ಕಾಕಾ ಹೇಳಾಕತ್ತಾರಲ್ಲ. ಸಾಕು, ಬಸ್ ಕರೋ" ಎಂದಳು ಜುಬೇದಾ.

ಅವರು ಒಂದಿಷ್ಟು ಉಸಿರು ಕೂಡಿಸಿಕೊಂಡು ಮಾತಾಡಿದರು. "ಬಸ್‌ಸ್ಟ್ಯಾಂಡಿಗೆ ಬಂದು ನಿಂತರ ಊರು ಮುಟ್ಟಿದಂಗ ಏನಲೇ ಬಸ್ಯಾ? ಜಮಖಾನಿ ಎತ್ರಿ. ತೊಳೀರಿ ಅದನ್ನ. ಇಷ್ಟು ನೀರು ಎದಕ ಐತಿ ಮುಂದ?"

ತೊಳೆದವರು ಯಾರು ಎಂದರೆ ಮದುಮಗ ಮತ್ತು ನಾನು. ಬೇರೆ ಯಾರೂ ಅದರ ಹತ್ತಿರ ಬರುವ ಹಾಗಿರಲಿಲ್ಲ. ರೇಷ್ಮೆ ಧೋತರವನ್ನು ಮೇಲೆ ಕಟ್ಟಿ, ಬಾಸಿಂಗ ಓರೆಯಾಗಿ, ಗುರುಬಸಪ್ಪ ಮೊಣಕಾಲ ನೀರಿನಲ್ಲಿ ನಿಂತು ಎರಡು ಮೂಲೆ ಹಿಡಿದ, ನಾನು ಎರಡು. ಅದ್ದಿದೆವು, ಜಾಲಿಸಿದೆವು. ಅದರ ಬಣ್ಣದ ನೀರು ಕೆಂಪಗೆ ಹರಿದು ಹೋಯಿತು. "ಲಗ್ನದ ಹೊತ್ತು ಮೀರತದ" ಎಂದು ಅಯ್ಯನವರು ಕೂಗುತ್ತಿದ್ದರು. "ಮೀರ್ಲಿ ಬಿಡಿ, ಇಷ್ಟು ವರ್ಷ ಮೀರಿದೆಯಲ್ಲ" ಎಂದು ಮದುಮಗಳು ಉತ್ತರ ಕೊಟ್ಟರು. ಅವರು ಜುಬೇದಾಳ ಪಕ್ಕದಲ್ಲಿ ಸಾಹೇಬರ ಬೆನ್ನು ಸವರುತ್ತ ನಿಂತಿದ್ದರು.

ಹಿಂಡಿದ ಜಮಖಾನೆಯನ್ನು ನೀರಿನ ಅಂಚಿನ ಹಸಿ ಉಸುಕಿನ ಮೇಲೆ ಹಾಸಿದೆವು. ಅಲ್ಲಿಂದ ಅದು ಏಳಲಿಲ್ಲ. ಸಾಹೇಬರು ಹಸಿಯಲ್ಲೇ ಕುಳಿತರು. ರೀಡು ಕಟ್ಟಿದರು. ನನ್ನ ಕಡೆ ತಿರುಗಿದರು.

"ಮಾಸ್ತರ, ಇವತ್ತು ಇದು ನಾನ್‌ಸ್ಟಾಪ್ ಗಾಡಿ ಅಲ್ಲ. ಶಟಲ್. ಎಲ್ಲಾ ಸ್ಟಾಪಿಗೂ ನಿಲ್ಲತೈತಿ. ನಾ ನಿಂತಲ್ಲೆ ನೀವೂ ನಿಲ್ರಿ. ಎಣಸಬ್ಯಾಡ್ರಿ."

ಎಣಿಸದೆ ನಾನು ಜೀವಮಾನದಲ್ಲಿ ಏನನ್ನೂ ಮಾಡಿದವನಲ್ಲ. ಕೈ ತಬಲಾದ ಮೇಲಿಟ್ಟು ಅವರ ಭುಜ ನೋಡುತ್ತ ಕುಳಿತೆ. ಅಯ್ಯನವರು ತಾಳಿ ಎತ್ತಿಕೊಟ್ಟರು. ಸಾಹೇಬರು ಧುನ್ ಎತ್ತಿದರು.

ನಾಲ್ಕೈದು ಸ್ವರ, ಅಷ್ಟೇ. ನಿಂತಿತು. ಬೆನ್ನ ಹಿಂದೆ ಒಂದು ಅಲೆ ಬಂದು, ಒಡೆದು, ಹಿಂದೆ ಸರಿಯಿತು. ಅದು ಸರಿಯುವ ಹೊತ್ತಿಗೆ ಅವರ ಭುಜ ಮೇಲೆದ್ದಿತು, ಮತ್ತೆ ನಾಲ್ಕು ಸ್ವರ. ಮತ್ತೆ ಅಲೆ. ಜೀವನವೆಲ್ಲ ಯಾವುದನ್ನು ಕಡಿಯದೆ ಊದಿದರೋ ಅದನ್ನೇ ಅವರು ತುಂಡು ತುಂಡಾಗಿ ಇಡುತ್ತ ಹೋದರು. ಯಾವ ತುಂಡನ್ನೂ ಅವಸರದಲ್ಲಿ ಇಡಲಿಲ್ಲ. ಅಲೆಗಳು ಸಮನಾಗಿ ಬರುವುದಿಲ್ಲ. ಒಂದು ಬೇಗ, ಒಂದು ತಡ. ಅವರು ಕಾದರು, ನಾನೂ ಕಾದೆ. ಕುರ್ಚಿಗಳ ಕಡೆ ಯಾರೂ ಸೀನಲಿಲ್ಲ, ಮಾತಾಡಲಿಲ್ಲ. ಗುರುಬಸಪ್ಪ ತಾಳಿ ಹಿಡಿದು ಧುನ್ ಮುಗಿಯಲೆಂದು ನಿಂತೇ ಇದ್ದ. ಸುಮನಾ ಕೊರಳು ಬಾಗಿಸಿಕೊಂಡು ಕಾದರು. ಕೊನೆಯ ತುಂಡು ಮೂಲ ಸ್ವರಕ್ಕೆ ಬಂದು ನಿಂತಾಗ ಅವನು ಗಂಟು ಹಾಕಿದ. ಅಕ್ಕಿಕಾಳು ಬಿದ್ದವು. ಮದುವೆಯಲ್ಲಿ ಎಲ್ಲರೂ ಸಂಗೀತ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಡಿಗೆಯ ವಾಸನೆ ಅವತ್ತೂ ಇತ್ತು.

ಜುಬೇದಾ ಪಂಪು ಹಿಡಿದು ಬಗ್ಗಿದಳು. ಅವರು ಎಳೆದುಕೊಂಡರು, ಅದನ್ನು ಅವಳ ಕೈಗೇ ಕೊಟ್ಟರು. ಆದರೆ ಕ್ಲಾರಿಯೊನೆಟ್ಟನ್ನು ಪೆಟ್ಟಿಗೆಗೆ ಇಡಲಿಲ್ಲ.

"ಕುಂದರವಾ ಇಲ್ಲೆ."

"ಆತಲ್ಲ ಅಬ್ಬಾ. ಏಳು, ಅರಬಿ ಹಸಿ ಆಗ್ಯಾವು."

"ಬಸ್ಯಾಂದು ಆತು. ಮಾತು ಬಿಚ್ಚಿತು. ಇನ್ನ ನಿಂದು ಬಾಕಿ ಐತಿ."

ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ, "ಇಪ್ಪತ್ತು ವರ್ಷದ ಮ್ಯಾಲೆ ಯಾರ ನಿಕಾಹಕ್ಕ ಊದತಾರ? ನನ್ನ ಮಗ ಕಾಲೇಜಿಗೆ ಹೊಂಟಾನ. ಜನ ನಗತಾರ" ಎಂದಳು. ಬೈದ ಹಾಗೆಯೇ ಇತ್ತು. ಆದರೆ ಹಸಿ ಜಮಖಾನೆಯ ಮೇಲೆ, ಒಳ್ಳೆಯ ಬಟ್ಟೆಯಲ್ಲೇ, ಕುಳಿತಳು.

"ಬಸ್ ಲೇಟ್ ಐತಿ" ಎಂದರು ಸಾಹೇಬರು. "ಕ್ಯಾನ್ಸಲ್ ಆಗಿದ್ದಿಲ್ಲ."

ಪೀಲು ರಾಗ ಊದಿದರು. ಚಿಕ್ಕದು, ಮೂರೋ ನಾಲ್ಕೋ ಸಾಲು. ನನಗೆ ಕೈಯೆತ್ತಿ ಬೇಡ ಎಂದರು, ತಬಲಾ ಬೇಕಾಗಲಿಲ್ಲ. ಈ ಸಲ ಅಲೆಗೂ ಕಾಯಲಿಲ್ಲ. ಉಸಿರು ಇದ್ದಷ್ಟು ಊದಿ, ತೀರಿದಲ್ಲಿ ನಿಂತು, ಮಗಳ ಮುಖ ನೋಡಿ, ಮತ್ತೆ ಊದಿದರು. ಮಂಟಪದ ಕಡೆ ಉಡುಗೊರೆಯ ಗದ್ದಲ ನಡೆದಿತ್ತು, ಯಾರ ಲಕ್ಷ್ಯವೂ ಇತ್ತ ಇರಲಿಲ್ಲ. ಜುಬೇದಾ ಪಂಪನ್ನು ಎರಡೂ ಕೈಯಲ್ಲಿ ಮುಷ್ಟಿ ಕಟ್ಟಿ ಹಿಡಿದು, ತಲೆ ಎತ್ತಿ ತಂದೆಯನ್ನೇ ನೋಡುತ್ತಿದ್ದಳು. ನಾನು ಎದ್ದು ಹೋಗಿ ತಬಲಾಕ್ಕೆ ಬಟ್ಟೆ ಸುತ್ತುವ ಕೆಲಸ ಹಿಡಿದೆ.

ಆಮೇಲೆ ಅವರು ಮತ್ತೊಂದು ವರ್ಷಕ್ಕೂ ಹೆಚ್ಚು ಬದುಕಿದರು. ಊದಲಿಲ್ಲ. ಡಾಕ್ಟರ ಮಾತು ಕೇಳುತ್ತೀರೋ ಎಂದರೆ, "ಕೊಟ್ಟ ಮಾತು ಯಾವುದೂ ಉಳಿದಿಲ್ಲ, ಇನ್ನ ಅವರ ಮಾತು ಕೇಳಾಕ ಅಡ್ಡಿಯಿಲ್ಲ" ಎಂದು ನಕ್ಕರು. ಗುರುವಾರ ನಾವೇ ಅವರ ಮನೆಗೆ ಹೋಗುತ್ತಿದ್ದೆವು. ಜುಬೇದಾ ಬಂದಿದ್ದರೆ ಕ್ಲಾರಿಯೊನೆಟ್ಟಿನ ಪೆಟ್ಟಿಗೆ ಈಗ ಹೊರಗೆ, ಅವರ ಮಂಚದ ಮೇಲೆ ಇರುತ್ತಿತ್ತು. ಒಂದು ಸಲ ಅವಳು ಅದರ ಕೀಲಿಗಳಿಗೆ ಎಣ್ಣೆ ಹಾಕುತ್ತಿದ್ದುದನ್ನು ನೋಡಿದೆ.

ಆ ಭಾನುವಾರ ಅಟ್ಟದಲ್ಲಿ ಟೋಪಿ ಮತ್ತು ಬಸಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟೆ. ಗುರುಬಸಪ್ಪ ಹಾರ್ಮೋನಿಯಮ್ಮಿನ ಧೂಳು ಒರೆಸುತ್ತಿದ್ದ. ಜುಬೇದಾ ನಿಂತಲ್ಲಿಂದ ಜಮಖಾನೆಯನ್ನು ನೋಡುತ್ತಿದ್ದಳು.

"ಬಸಣ್ಣ ಕಾಕಾ, ಇದನ್ನ ನನಗ ಕೊಡತೀರೇನ?"

ಗುರುಬಸಪ್ಪ ಒರೆಸುವುದನ್ನು ನಿಲ್ಲಿಸಿದ. ಅವನ ತಂದೆಯ ಕಾಲದ ಜಮಖಾನೆ ಅದು. "ನಿಂದ ಅದು" ಎಂದ.

ಯಾವ ಹಾಸಿಗೆಯನ್ನೂ ಝಾಡಿಸದೆ ಮಡಚುವುದು ನನ್ನಿಂದ ಆಗದು. ನಾನು ಎರಡು ಮೂಲೆ ಹಿಡಿದು, ಇನ್ನೆರಡನ್ನು ಹಿಡಿ ಎಂದು ಗುರುಬಸಪ್ಪನಿಗೆ ಸನ್ನೆ ಮಾಡಿದೆ. ಕಡಲಿನ ಉಸುಕು ಅದರ ನೂಲಿನೊಳಗೆ ಇನ್ನೂ ಇತ್ತು. ಅದರ ಮೇಲೆ ಒಂದು ವರ್ಷದ ಮೆಣಸಿನಕಾಯಿ ಧೂಳು ಮತ್ತೆ ಕೂತಿತ್ತು.

"ಮಾಸ್ತರ ಕಾಕಾ," ಎಂದಳು ಜುಬೇದಾ, "ಝಾಡಿಸಬ್ಯಾಡ್ರಿ. ಹಂಗ ಇರಲಿ."

ಹಾಗೆಯೇ ಮಡಚಿದೆವು. ಸುಮನಾ ಒಂದು ಹಳೆಯ ಸೀರೆಯಲ್ಲಿ ಸುತ್ತಿ ಗಂಟು ಕಟ್ಟಿದರು. ಅದನ್ನು ನಾನು ಹೆಗಲ ಮೇಲೆ ಹೊತ್ತು ಬಸ್ ನಿಲ್ದಾಣಕ್ಕೆ ಹೋದೆ. ರಾಣೆಬೆನ್ನೂರು ಬಸ್ಸು ಬಂದು ನಿಂತಿತ್ತು. ಜುಬೇದಾಳನ್ನು ಹತ್ತಿಸಿ, ಗಂಟನ್ನು ಮುಂದಿನ ಬಾಗಿಲ ಹತ್ತಿರ, ಅವಳ ಕಾಲಿನ ಬಳಿ ಇಟ್ಟು ಇಳಿದೆ. ಕಂಡಕ್ಟರು ಈ ದಾರಿಗೆ ಹೊಸಬನಿರಬೇಕು. ಗಂಟಿನ ಕಡೆ ಬಗ್ಗಿ ನೋಡಿದ, ಜೋರಾಗಿ ಎರಡು ಸಲ ಸೀನಿದ, ಮೂಗು ಒರೆಸಿಕೊಂಡು ಸೀಟಿ ಊದಿದ. ಕಿಟಕಿಯಲ್ಲಿ ಜುಬೇದಾ ನಗುತ್ತಿದ್ದಳು. ಬಸ್ಸು ಹೊರಟಿತು, ಹೇಳಿದ ಹೊತ್ತಿಗೆ ಸರಿಯಾಗಿ.